ತಂಗಿಯ ಮಗನ ಮೂತ್ರದ ಸ್ಯಾಂಪಲ್ ತೆಗೆದಿದ್ದಾರೆ. ಲ್ಯಾಬಿನಲ್ಲಿ ಎಂತ ನೋಡುತ್ತಾರೆ?

ಕುಂದಾಪುರದ ಮಾವ
ನಮಸ್ಕಾರ. ಉಡುಪಿ, ಮಂಗಳೂರು ಕಡೆಯ ಆಟದವರು ಇಲ್ಲಿ ಜಾಸ್ತಿ ಇದ್ದೀರಿ ಅಂತ ಧೈರ್ಯ ಮಾಡಿ ಕೇಳುತ್ತಿದ್ದೇನೆ.

ನನ್ನ ತಂಗಿಯ ಮಗನಿಗೆ 19 ವರ್ಷ. ವೇಟ್‌ಲಿಫ್ಟಿಂಗ್ ಮಾಡುತ್ತಾನೆ. ಕಾಲೇಜಿನಿಂದ ಹೊರ ರಾಜ್ಯಕ್ಕೆ ಸ್ಪರ್ಧೆಗೆ ಹೋಗಿದ್ದ, ಮೆಡಲ್ ಬಂತು. ವೇದಿಕೆಯಿಂದ ಇಳಿದ ಕೂಡಲೇ ಒಬ್ಬರು ಬಂದು, ಸಹಿ ಹಾಕಿಸಿಕೊಂಡು, ಡೋಪಿಂಗ್ ಪರೀಕ್ಷೆಗೆ, ಅಂದರೆ ನಿಷೇಧಿತ ಔಷಧ ತಿಂದಿದ್ದಾನಾ ಅಂತ ನೋಡಲು, ಮೂತ್ರ ಕೊಡು ಬಾ ಅಂದರಂತೆ. ಆಮೇಲೆ ಒಂದು ನಿಮಿಷವೂ ಅವನನ್ನು ಒಬ್ಬನೇ ಬಿಡಲಿಲ್ಲ. ಬಾತ್‌ರೂಮಿಗೂ ಬಂದು ಎದುರಿಗೇ ನಿಂತರಂತೆ. ಹೆದರಿಕೆಗೆ ಮೂತ್ರ ಬರಲೇ ಇಲ್ಲ. ಆರು ಬಾಟ್ಲಿ ನೀರು ಕುಡಿದ. ಕೊನೆಗೆ ಬಂದದ್ದು ತೀರಾ ತೆಳು ಆಯ್ತು, ಇನ್ನೊಮ್ಮೆ ಕೊಡು ಅಂದರಂತೆ. ರೂಮಿಗೆ ಬರುವಾಗ ರಾತ್ರಿ ಹನ್ನೊಂದು.

ಇದಾಗಿ ಹದಿನಾರು ದಿನ. ಮೊನ್ನೆ ಊಟಕ್ಕೆ ಕೂತವ ಅತ್ತುಬಿಟ್ಟ. ಜಿಮ್ಮಿನ ಸೀನಿಯರ್ ಒಬ್ಬ ಐದು ವಾರ ಅವನಿಗೆ ಎಂತದೋ ಮಾತ್ರೆ ಕೊಟ್ಟಿದ್ದಾನಂತೆ. ಮೈಕೈ ನೋವು ಬೇಗ ಹೋಗುತ್ತದೆ, ಬರೀ ವಿಟಮಿನ್ ಅಂದಿದ್ದಾನೆ. ಬಿಳಿ ಡಬ್ಬಿ, ಲೇಬಲ್ ಇಲ್ಲ. ಅಲ್ಲಿ ತುಂಬಿಸಿದ ಫಾರಂನಲ್ಲೂ ಇದನ್ನು ಬರೆದಿಲ್ಲ. ಡಬ್ಬಿಯಲ್ಲಿ ಇನ್ನೂ ಒಂಬತ್ತು ಮಾತ್ರೆ ಉಂಟು.

ತಂಗಿಗೆ ನಿದ್ರೆ ಇಲ್ಲ. ಲ್ಯಾಬಿನಲ್ಲಿ ಎಂತ ನೋಡುತ್ತಾರೆ? ಗೊತ್ತಿಲ್ಲದೆ ತಿಂದದ್ದಕ್ಕೂ ಶಿಕ್ಷೆ ಉಂಟಾ?

ಸುರತ್ಕಲ್ ಜಿಮ್
ಅಣ್ಣ, ಟೆನ್ಶನ್ ಮಾಡಬೇಡಿ. ಬಾಯಿಂದ ತಗೊಂಡದ್ದು ಹತ್ತು ದಿನದಲ್ಲಿ ಕ್ಲಿಯರ್ ಆಗುತ್ತದೆ. ಸ್ಪರ್ಧೆಗೆ ಮುಂಚೆ ಎರಡು ವಾರ ನಿಲ್ಲಿಸಿದ್ದರೆ ಏನೂ ಸಿಗುವುದಿಲ್ಲ.

ಕುಂದಾಪುರದ ಮಾವ
ನಿಲ್ಲಿಸಲಿಲ್ಲ. ಸ್ಪರ್ಧೆಯ ಹಿಂದಿನ ದಿನವೂ ತಿಂದಿದ್ದಾನೆ.

ಪಿ.ಟಿ. ಮಾಷ್ಟ್ರು
ಸುರತ್ಕಲ್‌ನವರೆ, ದಯವಿಟ್ಟು ಆ ಹತ್ತು ದಿನದ ಲೆಕ್ಕ ಎಲ್ಲೂ ಹೇಳಬೇಡಿ. ಆ ಮಾತು ನಂಬಿ ಹಾಳಾದ ಹುಡುಗರನ್ನು ನಾನು ಕಣ್ಣಾರೆ ನೋಡಿದ್ದೇನೆ. ಎಣ್ಣೆಯಲ್ಲಿ ಕೊಡುವ ನ್ಯಾಂಡ್ರೋಲೋನ್ ಅನ್ನುವ, ಸ್ನಾಯು ಬೆಳೆಸುವ ಸ್ಟೀರಾಯ್ಡ್ ಇಂಜೆಕ್ಷನ್ನಿನ ಗುರುತು ಎಷ್ಟೋ ತಿಂಗಳು ಮೂತ್ರದಲ್ಲಿ ಬರುತ್ತಾ ಇರುತ್ತದೆ. ಮಾತ್ರೆಯದ್ದೂ ಈಗ ವಾರಗಟ್ಟಲೆ ಸಿಗುತ್ತದೆ.

ಮಣಿಪಾಲ ಲ್ಯಾಬ್
ಮಾವನವರೆ, ನಾನು ಡೋಪಿಂಗ್ ಲ್ಯಾಬಿನವನಲ್ಲ. ಆದರೆ ಅದೇ ಜಾತಿಯ ಯಂತ್ರದ ಎದುರು ಹದಿಮೂರು ವರ್ಷ ಕೂತಿದ್ದೇನೆ. ಗೊತ್ತಿದ್ದಷ್ಟು ಬಿಡಿಸಿ ಹೇಳುತ್ತೇನೆ.

ಮೊದಲು ಬಾಟ್ಲಿಯ ಕಥೆ. ಕಡಿಮೆ ಅಂದರೆ 90 ಮಿಲಿಲೀಟರ್ ಬೇಕು. ಅದನ್ನು ಆಟಗಾರನೇ ತನ್ನ ಕೈಯಾರೆ ಎ, ಬಿ ಅಂತ ಎರಡು ಬಾಟ್ಲಿಗೆ ಸುರಿದು ಸೀಲ್ ಮಾಡಬೇಕು. ಒಮ್ಮೆ ಮುಚ್ಚಿದರೆ ಕೈಯಿಂದ ತೆಗೆಯಲು ಆಗುವುದಿಲ್ಲ. ಬಾಟ್ಲಿಯ ಮೇಲೆ ನಂಬರ್ ಮಾತ್ರ. ಲ್ಯಾಬಿಗೆ ಹೆಸರು, ಊರು ಯಾವುದೂ ಹೋಗುವುದಿಲ್ಲ. ನಿಮ್ಮ ಅಳಿಯನಿಗೆ ಎರಡನೇ ಸಲ ಕೇಳಿದ್ದು ಯಾಕೆಂದರೆ, ಮೂತ್ರದ ಸಾಂದ್ರತೆ 1.005ಕ್ಕಿಂತ ಕೆಳಗೆ ಇದ್ದರೆ ತೆಳು ಅಂತ ಲೆಕ್ಕ. ಮೂತ್ರ 150 ಮಿಲಿಲೀಟರ್ ಅಥವಾ ಜಾಸ್ತಿ ಇದ್ದರೆ 1.003 ಸಾಕು. ಅದರಲ್ಲಿ ಸಂಶಯದ ವಿಷಯ ಇಲ್ಲ. ಹೆದರಿ ನೀರು ಕುಡಿದವರಿಗೆಲ್ಲ ಹೀಗೇ ಆಗುತ್ತದೆ.

ಇನ್ನು ಲ್ಯಾಬು. ಎ ಬಾಟ್ಲಿ ಮಾತ್ರ ಒಡೆಯುತ್ತಾರೆ. ತಿಂದ ಸ್ಟೀರಾಯ್ಡ್ ಹೆಚ್ಚಾಗಿ ಹಾಗೆಯೇ ಹೊರಗೆ ಬರುವುದಿಲ್ಲ. ಲಿವರ್ ಅದರ ರೂಪ ಬದಲಿಸಿ, ನೀರಿನಲ್ಲಿ ಕರಗಲಿ ಅಂತ ಸಕ್ಕರೆಯಂಥ ಒಂದು ತುಂಡನ್ನು ಅಂಟಿಸಿ ಕಳಿಸುತ್ತದೆ. ಲ್ಯಾಬಿನವರು ಒಂದು ಕಿಣ್ವ ಹಾಕಿ ಆ ತುಂಡನ್ನು ಕತ್ತರಿಸುತ್ತಾರೆ. ಆಮೇಲೆ ದ್ರಾವಕ ಹಾಕಿ ಕುಲುಕುತ್ತಾರೆ. ಸಾರಿನ ಮೇಲೆ ಎಣ್ಣೆ ತೇಲುವ ಹಾಗೆ ಸ್ಟೀರಾಯ್ಡ್ ಇರುವ ಪದರ ಮೇಲೆ ಬರುತ್ತದೆ. ಅದನ್ನು ತೆಗೆದು, ಆರಿಸಿ, ಸುಲಭವಾಗಿ ಆವಿಯಾಗುವ ಹಾಗೆ ಮಾಡಿ ಯಂತ್ರಕ್ಕೆ ಬಿಡುತ್ತಾರೆ.

ಯಂತ್ರದೊಳಗೆ ಕೂದಲಿನಷ್ಟು ಸಣ್ಣ ತೂತಿನ, ಹತ್ತಾರು ಮೀಟರ್ ಉದ್ದದ ಕೊಳವೆ ಸುರುಳಿ ಸುತ್ತಿ ಇರುತ್ತದೆ. ಒಂದೊಂದು ವಸ್ತು ಅದನ್ನು ದಾಟಲು ಒಂದೊಂದು ಹೊತ್ತು ತೆಗೆದುಕೊಳ್ಳುತ್ತದೆ. ದಾಟಿ ಬಂದದ್ದನ್ನು ಎಲೆಕ್ಟ್ರಾನ್ ಹೊಡೆದು ಪುಡಿ ಮಾಡಿ, ಆ ಪುಡಿಯ ತುಂಡುಗಳನ್ನು ತೂಗುತ್ತಾರೆ. ಬಂದ ಹೊತ್ತೂ ಹೊಂದಬೇಕು, ತುಂಡುಗಳ ತೂಕವೂ ಹೊಂದಬೇಕು. ಎರಡೂ ಹೊಂದಿದರೆ ಇದು ಇದೇ ವಸ್ತು ಅಂತ ಹೇಳುತ್ತಾರೆ.

ಎಷ್ಟು ಸಣ್ಣ ಪ್ರಮಾಣ ಅಂದರೆ, ಮಿಲಿಲೀಟರಿಗೆ ಒಂದೆರಡು ನ್ಯಾನೋಗ್ರಾಂ ಇದ್ದರೂ ಸಿಗುತ್ತದೆ. ಒಂದು ನ್ಯಾನೋಗ್ರಾಂ ಲೆಕ್ಕ ಹೀಗೆ: ಹತ್ತು ಸಾವಿರ ಲೀಟರಿನ ನೂರು ಟ್ಯಾಂಕರ್ ನೀರು ತೆಗೆದುಕೊಳ್ಳಿ. ಅಷ್ಟರಲ್ಲಿ ಒಂದೇ ಒಂದು ಗ್ರಾಂ ಕರಗಿಸಿ.

ಪಾಂಗಾಳದ ಅಮ್ಮ
ನೂರು ಟ್ಯಾಂಕರಿನಲ್ಲಿ ಒಂದು ಗ್ರಾಂ! ನನ್ನ ಮಗಳು ಓಡುತ್ತಾಳೆ. ಇವತ್ತೇ ಮನೆಯ ಔಷಧದ ಡಬ್ಬ ಕೆಳಗೆ ಇಳಿಸುತ್ತೇನೆ.

ಹಳೆ ರಸಾಯನ ಮೇಷ್ಟ್ರು
ಮಣಿಪಾಲದವರು ಹೇಳಿದ್ದು ಸರಿ, ಒಂದು ಸಣ್ಣ ತಿದ್ದುಪಡಿ. ಎಲ್ಲಾ ಸ್ಟೀರಾಯ್ಡಿಗೂ ಆವಿ ಮಾಡುವ ದಾರಿ ಚೆನ್ನಾಗಿ ನಡೆಯುವುದಿಲ್ಲ. ಸ್ಟಾನೊಜೊಲೋಲ್‌ನಂಥದ್ದಕ್ಕೆ ದ್ರವದಲ್ಲೇ ಬೇರ್ಪಡಿಸುವ ಯಂತ್ರ ಒಳ್ಳೆಯದು. ಅದರಲ್ಲಿ ಸಕ್ಕರೆ ತುಂಡು ಅಂಟಿಕೊಂಡಿರುವಾಗಲೇ ಹಿಡಿಯಬಹುದು.

ಮಣಿಪಾಲ ಲ್ಯಾಬ್
ಹೌದು ಸಾರ್, ಸರಳವಾಗಿ ಹೇಳಲು ಹೋಗಿ ಅದು ಬಿಟ್ಟುಹೋಯಿತು. ಎರಡೂ ಯಂತ್ರ ಇರುತ್ತದೆ.

ಮಂಗಳಾ ಸ್ಟೇಡಿಯಂ ವಾಕ್
ಸ್ಟಾನೊಜೊಲೋಲ್ ಅಂದರೆ ಕೆನಡಾದ ಓಟಗಾರ ಬೆನ್ ಜಾನ್ಸನ್‌ದು ಅಲ್ವಾ? 1988ರ ಸೋಲ್ ಒಲಿಂಪಿಕ್ಸ್. 9.79 ಸೆಕೆಂಡಿನಲ್ಲಿ ಓಡಿದ. ಮೂರು ದಿನದಲ್ಲಿ ಚಿನ್ನ ಹೋಯಿತು. ನಮ್ಮ ಬೀದಿಯಲ್ಲಿ ಆಗ ಒಂದೇ ಮನೆಯಲ್ಲಿ ಟಿವಿ. ಓಟ ನೋಡಿದ ಮಕ್ಕಳೆಲ್ಲ ಒಂದು ವಾರ ಗದ್ದೆಯಲ್ಲಿ ಓಡಿದ್ದೆವು. ಸುದ್ದಿ ಬಂದಾಗ ನಮ್ಮ ಅಪ್ಪ ರೇಡಿಯೋ ಆಫ್ ಮಾಡಿ ಎದ್ದು ಹೋದರು. ಇನ್ನೂ ನೆನಪುಂಟು.

ಬೆಂದೂರ್‌ವೆಲ್
ಒಂದು ಸಂಶಯ. ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರೋನ್ ನಮ್ಮ ಮೈಯಲ್ಲೇ ಉಂಟಲ್ಲ? ಹೊರಗಿಂದ ಹಾಕಿದ್ದು ಯಾವುದು, ಒಳಗಿದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತದೆ?

ಮಣಿಪಾಲ ಲ್ಯಾಬ್
ಬಹಳ ಒಳ್ಳೆಯ ಪ್ರಶ್ನೆ, ನನಗೆ ತುಂಬಾ ಇಷ್ಟದ ವಿಷಯ.

ಟೆಸ್ಟೋಸ್ಟೆರೋನಿಗೆ ಒಬ್ಬ ಅವಳಿ ತಮ್ಮ ಇದ್ದ ಹಾಗೆ ಎಪಿಟೆಸ್ಟೋಸ್ಟೆರೋನ್ ಅಂತ ಉಂಟು. ಮೂತ್ರದಲ್ಲಿ ಎರಡೂ ಸಾಮಾನ್ಯವಾಗಿ ಹತ್ತಿರ ಹತ್ತಿರ ಇರುತ್ತವೆ. ಹೊರಗಿಂದ ಟೆಸ್ಟೋಸ್ಟೆರೋನ್ ಚುಚ್ಚಿದರೆ ಅದು ಮಾತ್ರ ಏರುತ್ತದೆ, ತಮ್ಮ ಏರುವುದಿಲ್ಲ. ಜರ್ಮನಿಯ ಕಲೋನ್‌ನ ಮ್ಯಾನ್‌ಫ್ರೆಡ್ ಡೋನಿಕೆ ಈ ಅನುಪಾತ ನೋಡುವ ದಾರಿ ತೋರಿಸಿದರು. ಮೊದಲು ಮಿತಿ 6 ಇತ್ತು, ಆಮೇಲೆ 4 ಮಾಡಿದರು.

ಆದರೆ ಮಿತಿ ದಾಟಿದ ಮಾತ್ರಕ್ಕೆ ತಪ್ಪಿತಸ್ಥ ಅಂತ ಅಲ್ಲ. ಕೆಲವರಿಗೆ ಹುಟ್ಟಿನಿಂದಲೇ ಜಾಸ್ತಿ ಇರುತ್ತದೆ. ಪೂರ್ವ ಏಷ್ಯಾದ ಬಹಳ ಜನರಲ್ಲಿ ಒಂದು ಜೀನ್ ಇರುವುದೇ ಇಲ್ಲ. ಅವರ ಅನುಪಾತ ಎಷ್ಟು ಕಡಿಮೆ ಅಂದರೆ ಔಷಧ ತಗೊಂಡರೂ 4 ದಾಟದೆ ಇರಬಹುದು. ಅದಕ್ಕೇ 2014ರಿಂದ ಪ್ರತಿ ಆಟಗಾರನದ್ದೂ ಬೇರೆ ಬೇರೆ ದಾಖಲೆ ಇಟ್ಟು, ಅವನ ಹಳೆ ಸ್ಯಾಂಪಲ್ ಜೊತೆಗೇ ಹೊಸದನ್ನು ಹೋಲಿಸುತ್ತಾರೆ.

ಸಂಶಯ ಬಂದರೆ ಕಾರ್ಬನ್ ಪರೀಕ್ಷೆ. ಫ್ಯಾಕ್ಟರಿಯ ಟೆಸ್ಟೋಸ್ಟೆರೋನ್ ಹೆಚ್ಚಾಗಿ ಸೋಯಾದಂಥ ಗಿಡದಿಂದ ಮಾಡಿದ್ದು. ಅದರಲ್ಲಿ ಭಾರದ ಕಾರ್ಬನ್, ಅಂದರೆ ಕಾರ್ಬನ್-13, ಸ್ವಲ್ಪ ಕಡಿಮೆ. ನಾವು ತಿನ್ನುವ ಜೋಳ, ಕಬ್ಬಿನ ಸಕ್ಕರೆಯಲ್ಲಿ ಅದು ಜಾಸ್ತಿ. ಆ ವ್ಯತ್ಯಾಸ ಅಳೆಯುತ್ತಾರೆ.

ಬೆಂದೂರ್‌ವೆಲ್
ನಾವು ಕರಾವಳಿಯವರು ಮೂರು ಹೊತ್ತೂ ಕುಚ್ಚಲಕ್ಕಿ. ಅಕ್ಕಿ ಸೋಯಾದ ಹಾಗೆ ಕಡಿಮೆಯ ಗುಂಪಾ, ಜೋಳದ ಗುಂಪಾ? ಕಡಿಮೆಯ ಗುಂಪು ಆದರೆ ಗಂಜಿ ಊಟದ ಹುಡುಗ ಸುಮ್ನೆ ಸಿಕ್ಕಿಬೀಳುವುದಿಲ್ವಾ?

ಹಳೆ ರಸಾಯನ ಮೇಷ್ಟ್ರು
ಅಕ್ಕಿ ಸೋಯಾದ ಗುಂಪೇ. ಆದರೆ ಸಿಕ್ಕಿಬೀಳುವುದಿಲ್ಲ. ಯಾಕೆಂದರೆ ಹೋಲಿಸುವುದು ಬೇರೆ ಊರಿನವರ ಜೊತೆ ಅಲ್ಲ. ಅದೇ ಮೂತ್ರದಲ್ಲಿ, ಅದೇ ಮೈ ತಯಾರಿಸಿದ ಇನ್ನೊಂದು ಸ್ಟೀರಾಯ್ಡ್ ಇರುತ್ತದೆ. ಹೊರಗಿನ ಟೆಸ್ಟೋಸ್ಟೆರೋನ್ ಹಾಕಿದರೂ ಅದು ಬದಲಾಗುವುದಿಲ್ಲ. ಗಂಜಿ ಉಂಡವನಲ್ಲಿ ಎರಡೂ ಒಟ್ಟಿಗೆ ಕೆಳಗೆ ಇರುತ್ತವೆ. ಔಷಧ ಹಾಕಿದವನಲ್ಲಿ ಒಂದು ಮಾತ್ರ ಕೆಳಗೆ ಬೀಳುತ್ತದೆ. ನಾನು ಪಾಠ ಮಾಡುವಾಗ ಇದನ್ನು ಹೇಳಿದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಬೆಂದೂರ್‌ವೆಲ್
ಸಮಾಧಾನ ಆಯ್ತು ಸಾರ್. ಮತ್ತೆ ಹಂದಿ ಮಾಂಸದಿಂದ ನ್ಯಾಂಡ್ರೋಲೋನ್ ಬರುತ್ತದೆ ಅಂತ ಓದಿದ ನೆನಪು. ಕ್ರಿಸ್ಮಸ್ಸಿಗೆ ನಮ್ಮಲ್ಲಿ ಅದೇ ಅಡುಗೆ.

ಮಣಿಪಾಲ ಲ್ಯಾಬ್
ಬೀಜ ಒಡೆಯದ ಗಂಡು ಹಂದಿಯ ಲಿವರ್, ಕಿಡ್ನಿಯಂಥದ್ದು ತಿಂದರೆ ಸ್ವಲ್ಪ ಹೊತ್ತು ಸ್ವಲ್ಪ ಗುರುತು ಬರಬಹುದು. ಪ್ರಮಾಣ ಕಡಿಮೆ ಇದ್ದಾಗ ಲ್ಯಾಬಿನವರು ಅದಕ್ಕೂ ಕಾರ್ಬನ್ ಪರೀಕ್ಷೆ ಮಾಡುತ್ತಾರೆ. ಆಟಗಾರರು ಸ್ಪರ್ಧೆಯ ಹತ್ತಿರ ಆ ಭಾಗಗಳನ್ನು ಬಿಟ್ಟರೆ ಒಳ್ಳೆಯದು.

400 ಮೀಟರ್ ಅಕ್ಕ
ಹುಡುಗಿಯರ ಬಗ್ಗೆ ನಾನೊಂದು ಹೇಳಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮನೆಯಲ್ಲಿ ಪೂಜೆ, ಕೋಲ, ಮದುವೆ ಬಂದರೆ ಮುಟ್ಟು ಮುಂದೆ ಹಾಕುವ ಮಾತ್ರೆ ಕೊಡುತ್ತಾರೆ ಅಲ್ವಾ? ಸ್ಪರ್ಧೆಗೂ ಕೆಲವರು ಅದನ್ನೇ ತಗೊಳ್ಳುತ್ತಾರೆ. ಅದರಲ್ಲಿ ಇರುವುದು ನೊರೆಥಿಸ್ಟೆರೋನ್. ಅದಕ್ಕೆ ನಿಷೇಧ ಇಲ್ಲ. ಆದರೆ ಮೈಯಲ್ಲಿ ಅದರಿಂದ ಬಹಳ ಸಣ್ಣ ಪ್ರಮಾಣದಲ್ಲಿ ನ್ಯಾಂಡ್ರೋಲೋನಿನ ಗುರುತೇ ಹುಟ್ಟುತ್ತದೆ! ಲ್ಯಾಬಿನವರಿಗೆ ಇದು ಗೊತ್ತುಂಟು, ಆ ಮಾತ್ರೆಯದ್ದೇ ಬೇರೆ ಗುರುತು ಇದೆಯಾ ಅಂತ ನೋಡುತ್ತಾರೆ. ಗರ್ಭಿಣಿಯಾ ಅಂತಲೂ ನೋಡುತ್ತಾರೆ. ಆದರೂ ಫಾರಂನಲ್ಲಿ ಬರೆಯಿರಿ ತಂಗಿಯಂದಿರೆ. ನಾಚಿಕೆ ಮಾಡಬೇಡಿ. ಕಳೆದ ಏಳು ದಿನದ ಔಷಧ, ಪುಡಿ, ಮಾತ್ರೆ ಎಲ್ಲ ಅಲ್ಲಿ ಕೇಳುತ್ತಾರೆ.

ಮಾವನವರೆ, ಎದುರಿಗೆ ನಿಂತು ನೋಡುವುದು ನಿಜವಾಗಿಯೂ ಕಷ್ಟ. ಹೆಂಗಸರಿಗೆ ಹೆಂಗಸರೇ ಇರುತ್ತಾರೆ, ಆದರೂ ಅಂಗಿ ಎದೆ ಕೆಳಗಿನವರೆಗೆ ಎತ್ತಿ, ಪ್ಯಾಂಟ್ ಮೊಣಕಾಲಿನವರೆಗೆ ಇಳಿಸಿ ನಿಲ್ಲಬೇಕು. ಮೊದಲ ಸಲ ನಾನು ಅತ್ತಿದ್ದೆ. ಬೇರೆಯವರ ಮೂತ್ರವನ್ನು ಬಟ್ಟೆಯೊಳಗೆ ಅಡಗಿಸಿ ತಂದವರು ಇದ್ದರು ಅಂತ ಆಮೇಲೆ ಗೊತ್ತಾಯಿತು. ಅಂಥವರಿಂದಾಗಿ ನಾವು ಹೀಗೆ ನಿಲ್ಲಬೇಕು.

ಪಾಂಗಾಳದ ಅಮ್ಮ
ಅಕ್ಕ, ಇದನ್ನು ಬರೆದದ್ದಕ್ಕೆ ನಿಮಗೆ ಕೈಮುಗಿಯುತ್ತೇನೆ. ಮಗಳಿಗೆ ಕಳೆದ ವರ್ಷ ಅದೇ ಮಾತ್ರೆ ಕೊಟ್ಟಿದ್ದೆ, ನಾಗಮಂಡಲಕ್ಕೆ.

ಉಡುಪಿ ಮೆಡಿಕಲ್
ನಾನು ಮೆಡಿಕಲ್ ಶಾಪಿನಲ್ಲಿ ಕೂರುವವ. ಕೌಂಟರಿಗೆ ಹುಡುಗರು ಬಂದು "ಡೆಕಾ ಉಂಟಾ" ಅಂತ ಕೇಳುತ್ತಾರೆ, ಡೆಕಾ ಅಂದರೆ ಆ ನ್ಯಾಂಡ್ರೋಲೋನ್ ಇಂಜೆಕ್ಷನ್. ಚೀಟಿ ಇಲ್ಲದೆ ಕೊಡುವುದಿಲ್ಲ ಅಂದರೆ ಮುಖ ಸಿಂಡರಿಸಿ ಹೋಗುತ್ತಾರೆ. ಮೀಸೆ ಸರಿಯಾಗಿ ಬಾರದ ಮಕ್ಕಳು ಮಾರಾಯ್ರೆ. ಈ ಮಾತ್ರೆ ಲಿವರಿಗೆ ಹೊಡೆತ. ಹುಡುಗರಿಗೆ ಎದೆ ಬೆಳೆಯುತ್ತದೆ, ಬೀಜ ಸಣ್ಣಗಾಗುತ್ತದೆ. ಹುಡುಗಿಯರಿಗೆ ಸ್ವರ ದಪ್ಪ ಆದರೆ ಮತ್ತೆ ಮೊದಲಿನ ಹಾಗೆ ಆಗದೆಯೂ ಇರಬಹುದು. ಸಿಕ್ಕಿಬೀಳುತ್ತಾರಾ ಇಲ್ವಾ ಅಂತ ಮಾತ್ರ ಎಲ್ಲರೂ ಮಾತಾಡುತ್ತಿದ್ದೀರಿ. ಆ ಹುಡುಗನಿಗೆ ಲಿವರ್ ಪರೀಕ್ಷೆ ಮಾಡಿಸಿದಿರಾ?

ಕುಂದಾಪುರದ ಮಾವ
ಇಲ್ಲ. ಅದು ತಲೆಗೆ ಹೊಳೆಯಲೇ ಇಲ್ಲ. ನಾಳೆಯೇ ಕರೆದುಕೊಂಡು ಹೋಗುತ್ತೇನೆ.

ಸುರತ್ಕಲ್ ಜಿಮ್
ಎಲ್ಲರೂ ಜಿಮ್ಮಿನವರನ್ನು ಬೈಯುತ್ತೀರಿ. ಎಲ್ಲಾ ಜಿಮ್ ಹಾಗಲ್ಲ. ಮಂಗಳೂರಿನ ವ್ಯಾಯಾಮ ಶಾಲೆಗಳಲ್ಲಿ ಎಷ್ಟೋ ಜನ ಬೆವರು ಸುರಿಸಿಯೇ ಮೆಡಲ್ ತಂದಿದ್ದಾರೆ. ನಮ್ಮ ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತಿನಲ್ಲಿ ಬೆಳ್ಳಿ, 2022ರಲ್ಲಿ ಕಂಚು ತಂದರು. ಈ ಹುಡುಗನೂ ಅವರನ್ನು ನೋಡಿಯೇ ಬಾರ್ ಹಿಡಿದಿರಬಹುದು.

ಕುಂದಾಪುರದ ಮಾವ
ನಿಜ. ಅವನ ಕೋಣೆಯ ಗೋಡೆಯಲ್ಲಿ ಅವರದ್ದೇ ಫೋಟೋ ಉಂಟು.

ಕಂಬಳ ಪ್ರಿಯ
ಮೊನ್ನೆ ನಮ್ಮಲ್ಲಿ ಒಬ್ಬರು ಕೇಳಿದರು, ಕಂಬಳದ ಕೋಣಗಳಿಗೂ ಹೀಗೆ ಪರೀಕ್ಷೆ ಮಾಡಬೇಕಲ್ಲ ಅಂತ. 2020ರಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಐಕಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಪ್ರಪಂಚವೇ ಮಾತಾಡಿತು. ಕೋಣಕ್ಕೆ ಹುರುಳಿ ಬೇಯಿಸಿ ಹಾಕುತ್ತಾರೆ, ಎಣ್ಣೆ ತಿಕ್ಕುತ್ತಾರೆ, ಈಜಿಸುತ್ತಾರೆ. ಮನೆ ಮಕ್ಕಳಿಗಿಂತ ಜಾಸ್ತಿ ಆರೈಕೆ.

ಪಿ.ಟಿ. ಮಾಷ್ಟ್ರು
ಕಂಬಳದ್ದು ಬೇರೆ ಚರ್ಚೆ ಶುರು ಮಾಡಿ, ಖಂಡಿತ ಬರುತ್ತೇನೆ. ಇಲ್ಲಿ ಆ ಹುಡುಗನ ವಿಷಯ ಬಿಟ್ಟುಹೋಗುತ್ತದೆ.

ನಾನು ಇಪ್ಪತ್ತೆರಡು ವರ್ಷದಿಂದ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಅಜ್ಜರಕಾಡು, ಮಂಗಳಾ, ಮೂಡುಬಿದಿರೆಯ ಸ್ವರಾಜ್ ಮೈದಾನ, ಎಲ್ಲಾ ಕಡೆ ನಿಂತಿದ್ದೇನೆ. ಒಂದು ವರ್ಷ ಹೊರಗಿನ ಒಂದು ಕ್ರೀಡಾಕೂಟದಲ್ಲಿ ಟಾಯ್ಲೆಟ್‌ನ ಕಿಟಕಿ ಮೇಲೆ ಸಿರಿಂಜ್ ಸಾಲಾಗಿ ಇದ್ದವು. ನನ್ನ ಹುಡುಗ, ಒಂಬತ್ತನೇ ಕ್ಲಾಸಿನವ, ಬಂದು ಕೇಳಿದ: "ಸಾರ್, ಇಲ್ಲಿ ಆಸ್ಪತ್ರೆ ಉಂಟಾ?" ನನಗೆ ಉತ್ತರ ಕೊಡಲು ಬಾಯಿ ಬರಲಿಲ್ಲ. ಅವ ಆ ದಿನ ನಾಲ್ಕನೆಯವನಾದ. ಮೊದಲ ಮೂವರ ಬಗ್ಗೆ ನನಗೆ ಗೊತ್ತಿಲ್ಲ, ಸುಮ್ಮನೆ ಯಾರ ಮೇಲೂ ಹೇಳುವುದಿಲ್ಲ. ಆದರೆ ಆ ನಾಲ್ಕನೆಯವ ಮರುವರ್ಷ ಓಟ ಬಿಟ್ಟ. ನನಗೆ ಅದು ಇವತ್ತಿಗೂ ನೋವು.

2023ರ ಸೆಪ್ಟೆಂಬರಿನಲ್ಲಿ ದೆಹಲಿ ರಾಜ್ಯ ಕೂಟದಲ್ಲಿ ಆದದ್ದು ಪೇಪರಿನಲ್ಲಿ ಬಂದಿತ್ತು. ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾದ ಅಧಿಕಾರಿಗಳು ಬಂದಿದ್ದಾರೆ ಅಂತ ಗೊತ್ತಾಗಿ ಗಂಡಸರ 100 ಮೀಟರ್ ಫೈನಲಿಗೆ ಒಬ್ಬನೇ ನಿಂತ. 1983ರಲ್ಲಿ ಕರಾಕಸ್‌ನ ಪ್ಯಾನ್ ಅಮೆರಿಕನ್ ಕೂಟದಲ್ಲೂ ಹೀಗೇ ಆಗಿತ್ತು. ಡೋನಿಕೆ ಹೊಸ ಯಂತ್ರ ತಂದಿದ್ದಾರೆ ಅಂತ ಗೊತ್ತಾಗಿ ಅಮೆರಿಕದ ಕೆಲವರು ಓಡದೆಯೇ ಮನೆಗೆ ಹೋದರು.

ಮಂಗಳಾ ಸ್ಟೇಡಿಯಂ ವಾಕ್
ದೊಡ್ಡವರು ತಪ್ಪಿಸಿಕೊಳ್ಳುತ್ತಾರೆ, ಬಡವರ ಮಕ್ಕಳು ಸಿಕ್ಕಿಬೀಳುತ್ತಾರೆ. ಅದೇ ನನ್ನ ಸಿಟ್ಟು. ರಷ್ಯಾದವರು 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಲ್ಯಾಬಿನ ಗೋಡೆಗೇ ತೂತು ಮಾಡಿ ಬಾಟ್ಲಿ ಬದಲಿಸಿದರು. ತೆರೆಯಲು ಆಗದ ಸೀಲ್ ಅಂತೀರಿ, ಅದನ್ನೇ ತೆರೆದರು.

ಮಣಿಪಾಲ ಲ್ಯಾಬ್
ಅದು ನಿಜ, ನಾಚಿಕೆಗೇಡು. ಆದರೆ ಒಳಗಿನವರು ಬಾಯಿಬಿಟ್ಟ ಮೇಲೆ ಅದಕ್ಕೆ ಸಾಕ್ಷಿ ಕೊಟ್ಟದ್ದು ಲ್ಯಾಬಿನ ಕೆಲಸವೇ. ಮುಚ್ಚಳದ ಗೀರು ನೋಡಿದರು, ಮೂತ್ರದ ಉಪ್ಪು ನೋಡಿದರು, ಮನುಷ್ಯರಲ್ಲಿ ಇರಲಾರದಷ್ಟು ಉಪ್ಪು ಕೆಲವು ಬಾಟ್ಲಿಯಲ್ಲಿ ಇತ್ತು. ಮತ್ತೆ ಸ್ಯಾಂಪಲನ್ನು ಹತ್ತು ವರ್ಷದವರೆಗೆ ಇಟ್ಟುಕೊಳ್ಳಬಹುದು. 2008 ಮತ್ತು 2012ರ ಒಲಿಂಪಿಕ್ಸ್‌ನ ಬಾಟ್ಲಿಗಳನ್ನು ವರ್ಷಗಳ ನಂತರ ಹೊಸ ವಿಧಾನದಲ್ಲಿ ನೋಡಿದಾಗ, ಮೊದಲು ಕಾಣದ, ಬಹಳ ದಿನ ಉಳಿಯುವ ಗುರುತುಗಳು ಸಿಕ್ಕಿದವು. ಟುರಿನಾಬೋಲ್, ಸ್ಟಾನೊಜೊಲೋಲ್ ಅನ್ನುವ ಸ್ಟೀರಾಯ್ಡ್‌ಗಳದ್ದು. ವೇಟ್‌ಲಿಫ್ಟಿಂಗಿನಲ್ಲೇ ಬಹಳಷ್ಟು ಮೆಡಲ್ ವಾಪಸ್ ಹೋದವು.

ಮಂಗಳಾ ಸ್ಟೇಡಿಯಂ ವಾಕ್
ನಮ್ಮ ದೇಶದ ಲ್ಯಾಬನ್ನೇ 2019ರಲ್ಲಿ ಜಾಗತಿಕ ಡೋಪಿಂಗ್ ತಡೆ ಸಂಸ್ಥೆ ವಾಡಾ ಅಮಾನತು ಮಾಡಿತ್ತು. ಅದನ್ನು ಹೇಗೆ ನಂಬುವುದು?

ಮಣಿಪಾಲ ಲ್ಯಾಬ್
ಮಾಡಿತ್ತು, 2021ರ ಡಿಸೆಂಬರಿನಲ್ಲಿ ಮಾನ್ಯತೆ ವಾಪಸ್ ಬಂತು. ನಡುವಿನಲ್ಲಿ ಸ್ಯಾಂಪಲ್ ಹೊರದೇಶಕ್ಕೆ ಹೋಗುತ್ತಿತ್ತು. ತಪ್ಪಿದ್ದಾಗ ನಿಲ್ಲಿಸಿದರು ಅನ್ನುವುದೇ ನನಗೆ ನಂಬಿಕೆ ಕೊಡುತ್ತದೆ. 2023ರಲ್ಲಿ ಭಾರತದ 5606 ಸ್ಯಾಂಪಲಿನಲ್ಲಿ 213 ಪಾಸಿಟಿವ್ ಬಂತು, ನೂರಕ್ಕೆ 3.8. ಅದು ಬಹಳ ಜಾಸ್ತಿ. ಯಂತ್ರದ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ.

ಕೋರ್ಟ್ ರಸ್ತೆ
ಮಾವನವರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ. ನಾನು ವಕೀಲ, ಇಂಥ ಒಂದೆರಡು ಕೇಸು ನೋಡಿದ್ದೇನೆ.

ಗೊತ್ತಿಲ್ಲದೆ ತಿಂದೆ ಅಂದರೂ ಹೊಣೆ ಆಟಗಾರನದ್ದೇ. ಮೈಯೊಳಗೆ ಏನು ಹೋಗುತ್ತದೆ ಅಂತ ನೋಡಿಕೊಳ್ಳುವುದು ಅವನ ಕೆಲಸ ಅಂತ ನಿಯಮ ಹೇಳುತ್ತದೆ. ಸ್ಟೀರಾಯ್ಡ್ ಸಿಕ್ಕಿದರೆ ಸಾಮಾನ್ಯವಾಗಿ ನಾಲ್ಕು ವರ್ಷ. ಜೈಲು ಇಲ್ಲ, 2022ರ ಡೋಪಿಂಗ್ ವಿರೋಧಿ ಕಾಯ್ದೆಯಲ್ಲೂ ಆಟಗಾರನಿಗೆ ಜೈಲಿನ ಮಾತು ಇಲ್ಲ. ಆರೋಪದ ನೋಟಿಸ್ ಬಂದ ಮೇಲೆ 20 ದಿನದೊಳಗೆ ತಪ್ಪು ಒಪ್ಪಿ ಶಿಕ್ಷೆ ಒಪ್ಪಿಕೊಂಡರೆ ನಾಲ್ಕರಲ್ಲಿ ಒಂದು ವರ್ಷ ಕಡಿಮೆ. ಬಿ ಬಾಟ್ಲಿ ತೆರೆಯಿರಿ ಅಂತ ಕೇಳುವ ಹಕ್ಕು ಅವನಿಗೆ ಉಂಟು. ಯಾರು ಕೊಟ್ಟರು ಅಂತ ಹೇಳಿ, ಆ ಮಾಹಿತಿಯಿಂದ ಅವರ ಮೇಲೆ ಕ್ರಮ ಆದರೆ ಶಿಕ್ಷೆಯ ಒಂದು ಭಾಗ ತಡೆಹಿಡಿಯಬಹುದು.

ನಮ್ಮ ಸಿದ್ದಾಪುರದ ಓಟಗಾರ್ತಿ ಅಶ್ವಿನಿ ಅಕ್ಕುಂಜಿಯವರ ಕೇಸು ನೆನಪಿಸಿಕೊಳ್ಳಿ. 2010ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ತಂದಾಗ ಜಿಲ್ಲೆಯೇ ಕುಣಿದಿತ್ತು. 2011ರಲ್ಲಿ ಮೆಥಾಂಡಿಯೆನೋನ್ ಅನ್ನುವ ಸ್ಟೀರಾಯ್ಡ್ ಸಿಕ್ಕಿತು. ಕೋಚ್ ತಂದುಕೊಟ್ಟ ಜಿನ್ಸೆಂಗ್‌ನಿಂದ ಬಂತು, ನಮಗೆ ಗೊತ್ತಿರಲಿಲ್ಲ ಅಂತ ಆಟಗಾರ್ತಿಯರು ಹೇಳಿದರು. ಇಲ್ಲಿನ ಸಮಿತಿ ಒಂದು ವರ್ಷ ಕೊಟ್ಟಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಮೇಲ್ಮನವಿ ಹೋಗಿ, 2012ರಲ್ಲಿ ಅದು ಎರಡು ವರ್ಷ ಆಯಿತು. ಕೋಚ್ ಕೊಟ್ಟದ್ದು ಅನ್ನುವ ಮಾತು ಪೂರ್ತಿ ಕಾಪಾಡಲಿಲ್ಲ.

400 ಮೀಟರ್ ಅಕ್ಕ
ಆ ದಿನ ನಾನು ಅಭ್ಯಾಸಕ್ಕೆ ಹೋಗಲಿಲ್ಲ. ಅವರನ್ನು ನೋಡಿಯೇ ನಾವು ಸ್ಪೈಕ್ಸ್ ಹಾಕಿದವರು. ಅವರು ಶಿಕ್ಷೆ ಮುಗಿಸಿ ಮತ್ತೆ ಟ್ರ್ಯಾಕಿಗೆ ಬಂದರು ಅನ್ನುವುದನ್ನೂ ಬರೆಯಿರಿ ವಕೀಲರೆ.

ಕೋರ್ಟ್ ರಸ್ತೆ
ಖಂಡಿತ ಅಕ್ಕ. ಬಂದರು.

ಸುರತ್ಕಲ್ ಜಿಮ್
ಹೆಸರು ಹೇಳಬೇಡಿ ಅಂತ ನನ್ನ ಸಲಹೆ. ಸಣ್ಣ ಊರು. ನಾಳೆ ಆ ಹುಡುಗ ಎಲ್ಲಿ ಅಭ್ಯಾಸ ಮಾಡುತ್ತಾನೆ?

ಉಡುಪಿ ಮೆಡಿಕಲ್
ಹೇಳದಿದ್ದರೆ ಆ ಸೀನಿಯರ್ ಮುಂದಿನ ವಾರ ಇನ್ನೊಬ್ಬನಿಗೆ ಬಿಳಿ ಡಬ್ಬಿ ಕೊಡುತ್ತಾನೆ. ಅದು ನನ್ನ ಮಗ ಆಗಿದ್ದರೆ?

ಸುರತ್ಕಲ್ ಜಿಮ್
ಆ ಮಾತು ಸರಿ. ನಾನು ಹುಡುಗನ ಬಗ್ಗೆ ಮಾತ್ರ ಯೋಚಿಸಿದೆ.

ಪಾಂಗಾಳದ ಅಮ್ಮ
ಆಯುರ್ವೇದದ್ದು ಆದರೆ ತೊಂದರೆ ಇಲ್ಲ ಅಲ್ವಾ? ಮಗಳಿಗೆ ಲೇಹ ಕೊಡುತ್ತೇನೆ.

ಉಡುಪಿ ಮೆಡಿಕಲ್
ಮನೆಯಲ್ಲಿ ಮಾಡಿದ ಕಷಾಯ, ನಿಮ್ಮ ಕಣ್ಣೆದುರೇ ಕುದಿಸಿದ್ದು, ಕೊಡಿ. ಆದರೆ ಎಂತೆಂತ ಹಾಕಿದ್ದಾರೆ ಅಂತ ಗೊತ್ತಿಲ್ಲದ ಪುಡಿ, ಲೇಹ ಬೇಡ. ಗಿಡಮೂಲಿಕೆ ಅಂತ ಬರೆದು ಒಳಗೆ ಸ್ಟೀರಾಯ್ಡ್ ಬೆರೆಸಿದವರೂ ಇದ್ದಾರೆ. ಡಾಕ್ಟರ್ ಬರೆದ ಔಷಧದ ಹೆಸರನ್ನು ನಾಡಾದ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. ಆಸ್ತಮಾ ಪಂಪಿಗೂ ಮಿತಿ ಉಂಟು, ಅದನ್ನೂ ನೋಡಿ.

ಪಾಂಗಾಳದ ಅಮ್ಮ
ಆಯ್ತು ಅಣ್ಣ. ಇನ್ನು ಗಂಜಿ, ಮೀನು, ಬೊಂಡ ಅಷ್ಟೇ.

ಕುಂದಾಪುರದ ಮಾವ
ಎಲ್ಲರಿಗೂ ಒಂದು ಸುದ್ದಿ ಹೇಳಬೇಕು. ಇವತ್ತು ಬೆಳಿಗ್ಗೆ ಅಳಿಯನ ಈಮೇಲಿಗೆ ಪತ್ರ ಬಂತು. ಎ ಬಾಟ್ಲಿಯಲ್ಲಿ ಸ್ಟಾನೊಜೊಲೋಲ್. ಇವತ್ತಿನಿಂದಲೇ ಸ್ಪರ್ಧೆಗೆ ಹೋಗುವ ಹಾಗಿಲ್ಲ ಅಂತ ಬರೆದಿದ್ದಾರೆ.

ತಂಗಿ ಒಂದು ಮಾತೂ ಆಡಲಿಲ್ಲ. ಅಡುಗೆಮನೆಗೆ ಹೋಗಿ ಅವನಿಗೆ ದೋಸೆ ಮಾಡಿ ತಂದಿಟ್ಟಳು. ಅವ ತಿಂದ. ತಿಂದು, ಗೋಡೆಯ ಫೋಟೋ ತೆಗೆದು ಮಡಚಿ ಪುಸ್ತಕದೊಳಗೆ ಇಟ್ಟ. ಹರಿಯಲಿಲ್ಲ, ಅಷ್ಟೇ ನನಗೆ ಸಮಾಧಾನ. ಲಿವರ್ ರಿಪೋರ್ಟ್ ಬಂತು, ಸ್ವಲ್ಪ ಏರಿದೆ. ಮಾತ್ರೆ ನಿಂತದ್ದರಿಂದ ಇಳಿಯುತ್ತದೆ ಅಂತ ಡಾಕ್ಟರ್ ಹೇಳಿದ್ದಾರೆ. ಉಡುಪಿ ಮೆಡಿಕಲ್‌ನವರೆ, ನೀವು ಕೇಳದಿದ್ದರೆ ನಾವು ಹೋಗುತ್ತಿರಲಿಲ್ಲ.

ಬಿ ಬಾಟ್ಲಿ ತೆರೆಸಬೇಕಾ? ಅವನೇ ಬೇಡ ಅನ್ನುತ್ತಾನೆ. "ಮಾವ, ನಾನು ತಿಂದದ್ದು ನನಗೆ ಗೊತ್ತುಂಟು" ಅಂದ. ಕೊಟ್ಟವನ ಹೆಸರನ್ನೂ ಹೇಳುತ್ತಾನಂತೆ.

ಪಿ.ಟಿ. ಮಾಷ್ಟ್ರು
ಆ ಹುಡುಗನನ್ನು ಒಬ್ಬನೇ ಕೂರಲು ಬಿಡಬೇಡಿ. ನಾನು ಭಾನುವಾರ ಕುಂದಾಪುರಕ್ಕೆ ಬರುತ್ತೇನೆ. ನಿಷೇಧ ಇರುವಾಗ ಕ್ಲಬ್ಬಿನಲ್ಲಿ ಟೀಮಿನ ಜೊತೆ ಅಭ್ಯಾಸ ಮಾಡುವ ಹಾಗಿಲ್ಲ. ಆದರೆ ಬೆಳಿಗ್ಗೆ ಕೋಡಿ ಬೀಚಿನಲ್ಲಿ ಒಬ್ಬ ಮಾಷ್ಟ್ರ ಜೊತೆ ನಡೆಯಬಾರದು ಅಂತ ಯಾವ ನಿಯಮವೂ ಇಲ್ಲ.

400 ಮೀಟರ್ ಅಕ್ಕ
ನನಗೂ ಹೇಳಿ ಮಾಷ್ಟ್ರೆ, ನಾನೂ ಬರುತ್ತೇನೆ.

ಕೋರ್ಟ್ ರಸ್ತೆ
ಮಾವನವರೆ, 20 ದಿನದ ಲೆಕ್ಕ ಆರೋಪದ ನೋಟಿಸ್ ಕೈಗೆ ಬಂದ ದಿನದಿಂದ ಶುರು, ಈ ಪತ್ರದಲ್ಲಿ ಅದು ಉಂಟಾ ಅಂತ ನೋಡೋಣ. ಪತ್ರಕ್ಕೆ ನೀವಾಗಿ ಉತ್ತರ ಬರೆಯಬೇಡಿ. ಆ ಸೀನಿಯರ್ ಜೊತೆಗಿನ ಮೆಸೇಜು, ಹಣ ಕಳಿಸಿದ ಲೆಕ್ಕ ಫೋನಿನಲ್ಲಿ ಇದ್ದರೆ ಅಳಿಸಬೇಡಿ. ಒಡೆದ ಡಬ್ಬಿಗೆ ಸಾಕ್ಷಿಯಾಗಿ ಬೆಲೆ ಕಡಿಮೆ, ಯಾರು ಬೇಕಾದರೂ ಏನು ಬೇಕಾದರೂ ಹಾಕಬಹುದು ಅಂತ ಹೇಳುತ್ತಾರೆ. ಆದರೂ ಬಿಸಾಡಬೇಡಿ.

ಕುಂದಾಪುರದ ಮಾವ
ಮೆಸೇಜು ಉಂಟು. ಹಣ ಕಳಿಸಿದ್ದೂ ಉಂಟು, ಮೂರು ಸಲ. ನಾಳೆ ಹತ್ತು ಗಂಟೆಗೆ ಅವನನ್ನೂ ಕರೆದುಕೊಂಡು ಬರಲಾ?

ಕೋರ್ಟ್ ರಸ್ತೆ
ಬನ್ನಿ. ಡಬ್ಬಿಯನ್ನು ಈಗಲೇ ಒಂದು ಕವರಿಗೆ ಹಾಕಿ ಅಂಟಿಸಿ. ಮೇಲೆ ಇವತ್ತಿನ ತಾರೀಕು ಬರೆದು ಇಬ್ಬರೂ ಸಹಿ ಹಾಕಿ ತನ್ನಿ. ತಾಯಿಯೂ ಬರುವುದಾದರೆ ಬರಲಿ.